ಇವಾಮಿಯ ಬೆಳ್ಳಿ, ಬೂದಿ ಮತ್ತು ಉಸಿರು

ಜಪಾನಿನ ಶಿಮಾನೆ ಪ್ರಾಂತ್ಯದ ಓಮೊರಿ ಪುಟ್ಟ ಊರು. ಇಲ್ಲಿನ ಇವಾಮಿ ಬೆಳ್ಳಿಗಣಿಯ ವಸ್ತುಸಂಗ್ರಹಾಲಯವಿರುವುದು ಹಿಂದೆ ಗಣಿಯ ಆಡಳಿತ ಕಚೇರಿಯಿದ್ದ ಜಾಗದಲ್ಲೇ. 17ನೇ ಶತಮಾನದ ಆರಂಭದಲ್ಲಿ ಜಗತ್ತಿನ ಬೆಳ್ಳಿಯ ಸುಮಾರು ಮೂರನೇ ಒಂದು ಪಾಲು ಜಪಾನಿನಿಂದ ಬರುತ್ತಿತ್ತೆಂಬ ಅಂದಾಜಿದೆ. ಅದರಲ್ಲಿ ಇವಾಮಿಯದು ದೊಡ್ಡ ಪಾಲು. ಗೋವಾ ಬಿಟ್ಟ ಪೋರ್ಚುಗೀಸ್ ಹಡಗುಗಳು ಮಕಾವಿನಲ್ಲಿ ಚೀನಾದ ರೇಷ್ಮೆ ತುಂಬಿಕೊಂಡು ನಾಗಸಾಕಿಗೆ ಹೋಗುತ್ತಿದ್ದುದು ಈ ಬೆಳ್ಳಿಯ ಆಸೆಗೆ.

ಈ ಕಥೆಯನ್ನು ಸಾಮಾನ್ಯವಾಗಿ ಹಕಾತದ ವ್ಯಾಪಾರಿ ಕಾಮಿಯಾ ಜುತೇಯಿಂದ ಶುರುಮಾಡುತ್ತಾರೆ. 1527ರ ಸುಮಾರಿಗೆ ಇಲ್ಲಿ ಅಗೆತ ಆರಂಭಿಸಿದವನು ಅವನು. ಆದರೆ ಗಣಿಯ ಹಣೆಬರಹ ಬದಲಾದದ್ದು 1533ರಲ್ಲಿ, ಅವನು ಕೇಜು, ಸೋತಾನ್ ಎಂಬಿಬ್ಬರು ಕುಶಲಕರ್ಮಿಗಳನ್ನು ಕರೆತಂದಾಗ. ಅವರು ತಂದದ್ದು ಕೊರಿಯಾದ ವಿದ್ಯೆ. ಪುಡಿ ಮಾಡಿದ ಅದಿರನ್ನು ಸೀಸದ ಜೊತೆ ಕರಗಿಸಿದರೆ ಬೆಳ್ಳಿ ಸೀಸಕ್ಕೆ ಸೇರಿಕೊಳ್ಳುತ್ತದೆ. ಆ ಮಿಶ್ರಣವನ್ನು ಬೂದಿ ಹಾಸಿದ ಕುಲುಮೆಯಲ್ಲಿಟ್ಟು ಮತ್ತೆ ಕಾಯಿಸಬೇಕು. ಸೀಸವನ್ನು ಬೂದಿ ಹೀರುತ್ತದೆ, ಮೇಲೆ ಬೆಳ್ಳಿ ಉಳಿಯುತ್ತದೆ. ಅಲ್ಲಿಯವರೆಗೆ ಅದಿರನ್ನೇ ಹಡಗಿಗೆ ಹೇರಿ ಹೊರಗೆ ಕಳಿಸಬೇಕಿತ್ತು. 1503ರಲ್ಲಿ ಈ ವಿಧಾನವನ್ನು ತೋರಿಸಿಕೊಟ್ಟ ಕಿಮ್ ಗಾಮ್‌ಬುಲ್, ಕಿಮ್ ಗೊಮ್‌ದೊಂಗ್ ಎಂಬವರ ಹೆಸರು ಕೊರಿಯಾದ ರಾಜವೃತ್ತಾಂತದಲ್ಲಿದೆ. ಹೀಗಿರುವಾಗ ಇವಾಮಿಯನ್ನು ಬರೀ ಜಪಾನಿನ ಸಾಧನೆಯೆಂದು ಹೇಳುವುದು ಅರ್ಧ ಚರಿತ್ರೆ.

ನಾನು ಹೆಚ್ಚು ಹೊತ್ತು ನಿಂತದ್ದು ಒಂದು ಶಂಖದ ಚಿಪ್ಪಿನ ಮುಂದೆ. ಅದರಲ್ಲಿ ಎಣ್ಣೆ, ಬತ್ತಿ ಹಾಕಿದರೆ ದೀಪ; ಆ ಬೆಳಕಲ್ಲೇ ಬಂಡೆ ಕಡಿಯಬೇಕು. ಇಂದು ಪ್ರವಾಸಿಗರು ನಡೆದುಹೋಗುವ ರ್‍ಯೂಗೆಂಜಿ ಸುರಂಗದ ಗೋಡೆಗಳಲ್ಲಿ ಉಳಿಯ ಗುರುತುಗಳು ಹಾಗೇ ಇವೆ. ಕಲ್ಲಿನ ದೂಳು, ದೀಪದ ಹೊಗೆ, ಕುಲುಮೆಯ ಬಳಿ ಸೀಸದ ಆವಿ. ಗಣಿಯಾಳು ಮೂವತ್ತು ತುಂಬಿದರೆ ದೀರ್ಘಾಯುಷಿಯೆಂದು ಮನೆಯಲ್ಲಿ ಕೆಂಪು ಅಲಸಂದೆಯಂಥ ಕಾಳಿನ ಅನ್ನ ಮಾಡಿ ಸಂಭ್ರಮಿಸುತ್ತಿದ್ದರಂತೆ. ನನ್ನ ಓರಗೆಯವರು ಆ ವಯಸ್ಸಿಗೆ ಇನ್ನೂ ಪ್ರಬಂಧ ಮುಗಿಸಿರುವುದಿಲ್ಲ.

(ಎಡೋ ಕಾಲದ ಪೇಟೆಗಳಲ್ಲಿ 'ಇವಾಮಿ ಗಿನ್‌ಜಾನ್' ಎಂದರೆ ಇಲಿಪಾಷಾಣ! ಅದರ ಪಾಷಾಣ ಬರುತ್ತಿದ್ದುದು ಬೇರೊಂದು ಗಣಿಯಿಂದ. ಹೆಸರು ಮಾತ್ರ ಇದರದು.)

19ನೇ ಶತಮಾನದ ನಡುಭಾಗದಲ್ಲಿ ಮಿಯಾ ತೈಚು ಎಂಬ ವೈದ್ಯ ಗಣಿಯಾಳುಗಳಿಗಾಗಿ ಮುಖವಾಡವೊಂದನ್ನು ರೂಪಿಸಿದ. ತಂತಿಯ ಚೌಕಟ್ಟು, ಅದಕ್ಕೆ ರೇಷ್ಮೆ, ಒಳಗೆ ದೂಳು ತಡೆಯಲು ಉಪ್ಪಿನ ಪ್ಲಮ್ ಹಣ್ಣಿನ ತಿರುಳು. ಅಷ್ಟು ಹೊತ್ತಿಗೆ ಗಣಿಯ ಬೆಳ್ಳಿ ಬಹುಪಾಲು ಬರಿದಾಗಿತ್ತು.