ಬಳ್ಳಾರಿ ಸೀಮೆಯ ಐಗಳ ಮಠಗಳು ಮತ್ತು ಅರವತ್ತು ಹೆಣ್ಣುಮಕ್ಕಳು

ಹಡಗಲಿ ತಾಲ್ಲೂಕಿನ ಮಾಗಳವು ತುಂಗಭದ್ರೆಯ ದಡದ ಪುರಾತನ ಗ್ರಾಮ. ಕಲ್ಯಾಣ ಚಾಲುಕ್ಯರ ಕಾಲದ ಸೂರ್ಯನಾರಾಯಣ ದೇವಾಲಯವುಳ್ಳ ಈ ಊರು 1953ರವರೆಗೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಈ ಸೀಮೆಯ ಮಕ್ಕಳು ಕಲಿಕೆಯಲ್ಲಿ ಹಿಂದುಳಿದಿದ್ದಾರೆ ಎಂಬ ಮಾತು ಇಂದು ನಿನ್ನೆಯದಲ್ಲ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ದೇಶೀಯ ಶಾಲೆಗಳ ಲೆಕ್ಕ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡ ಶಾಲೆಗಳೇ 235. ಶಾಲೆಗಳಿಗೇನೋ ಕೊರತೆಯಿರಲಿಲ್ಲವೆನ್ನೋಣ, ಆದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿಯಷ್ಟೇ ಅಲ್ಲಿದ್ದರು. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ 60. ಅಕ್ಕಮಹಾದೇವಿಯನ್ನು ಕಂಡ ನಾಡಿನಲ್ಲಿ ಈ ಸಂಖ್ಯೆಯನ್ನು ಓದಿ ಮುಂದೆ ಸಾಗುವುದು ಕಷ್ಟ.

ಮೊದಲು ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದರೆ ಅರ್ಧ ರೂಪಾಯಿ ಐಗಳಿಗೆ ಸಲ್ಲಬೇಕಿತ್ತು. ವಿಲಾಯಿತಿ ಬಟ್ಟೆ ಬಂದು ನೇಕಾರರ ಬದುಕು ಕುಸಿದುದನ್ನೂ, ಮೈಯಲ್ಲಿ ತುಸು ಕಸುವು ಬಂದೊಡನೆ ಮಕ್ಕಳು ದುಡಿಮೆಗೆ ಹೋಗುತ್ತಿದ್ದುದನ್ನೂ ಕಲೆಕ್ಟರನೇ ಒಪ್ಪಿಕೊಂಡಿದ್ದಾನೆ.

ಬೋಧನಾಕ್ರಮವನ್ನು ಆತ ಮೆಚ್ಚಿದನು. ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮುಂದಿದ್ದವನು ಹಿಂದಿದ್ದವನಿಗೆ ಹೇಳಿಕೊಡುತ್ತಿದ್ದನು. ಇದರಿಂದ ಇಬ್ಬರ ಕಲಿಕೆಯೂ ಗಟ್ಟಿಯಾಗುತ್ತಿತ್ತು.

ಆತನ ಆಕ್ಷೇಪವಿದ್ದುದು ಪಠ್ಯದ ಬಗ್ಗೆ. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂದು ವರದಿ ಹೇಳುತ್ತದೆ. ಎಲ್ಲವೂ ಪೂಜ್ಯ ಗ್ರಂಥಗಳೇ. ಆದರೆ ಆಡುಮಾತಿಗೆ ದೂರವಾದ ಪದ್ಯಗಳನ್ನು ಮಕ್ಕಳು ಅರ್ಥವರಿಯದೆ ಬಾಯಿಪಾಠ ಮಾಡುತ್ತಿದ್ದರು. ಆತನು ಹೆಸರಿಸಿದ ಪುಸ್ತಕಗಳಲ್ಲಿ ವಚನಗಳಿಲ್ಲ. ಕೂಲಿಯವರ, ಕಾಯಕಜೀವಿಗಳ ನುಡಿಯಲ್ಲಿಯೇ ಶರಣರು ಹೇಳಿದ ಮಾತು ಅವರ ವಂಶದ ಮಕ್ಕಳ ಪಟ್ಟಿಯಲ್ಲಿ ಕಾಣದಿರುವುದು ವಿಷಾದಕರ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಅಚ್ಚಾಗಿ ಬಂದುದು 1923ರಲ್ಲಿ, ಆ ವರದಿಗೆ ಸರಿಯಾಗಿ ನೂರು ವರ್ಷಗಳಾದ ಮೇಲೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಸಂವಿಧಾನದ 371ಜೆ ವಿಧಿಯಿಂದಾಗಿ 2013ರಿಂದ ಬಳ್ಳಾರಿಯೂ ಸೇರಿದಂತೆ ಈ ಭಾಗದವರಿಗೆ ಉನ್ನತ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆಯಿತು. ಆದರೆ ಓದಿದ್ದು ತಿಳಿಯದೆ ಕೆಳತರಗತಿಯಲ್ಲಿಯೇ ಶಾಲೆ ಬಿಟ್ಟ ಮಗು ಆ ಬಾಗಿಲವರೆಗೆ ಬರುವುದೇ ಇಲ್ಲ.

ಆ ಕೆಳತರಗತಿಗಳಿಗಾಗಿಯೇ ಹುಟ್ಟಿದ್ದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆ ವಿಸ್ತರಿಸಿದ ಈ ಕ್ರಮದಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ಗುಂಪಿನಲ್ಲಿ ಬಲ್ಲ ಮಗು ಅರಿಯದ ಮಗುವಿಗೆ ನೆರವಾಗುತ್ತದೆ. ಐಗಳ ಮಠದ ಮರಳಿನ ಮೇಲೆ ನಡೆಯುತ್ತಿದ್ದುದೂ ಇದೇ. ಈಗ ಆ ಗುಂಪಿನಲ್ಲಿ ಹೆಣ್ಣುಮಕ್ಕಳೂ ಕುಳಿತಿದ್ದಾರೆ.