ಹುಟ್ಟಿದ ಸ್ಥಳ: ಹಿರೇವಡ್ಡಟ್ಟಿ

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹುಟ್ಟಿದ ಸ್ಥಳ ಅಂತ ಒಂದು ಭಾಗ ಇದೆ. ಊರು, ಜಿಲ್ಲೆ, ರಾಜ್ಯ, ದೇಶ ತುಂಬಬೇಕು. ನಮ್ಮಂಥವರಿಗೆ ಅರ್ಧ ನಿಮಿಷದ ಕೆಲಸ. ಆದರೆ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿ 1945ರಲ್ಲಿ ಹುಟ್ಟಿದ ಒಬ್ಬ ಅಜ್ಜ ಇದ್ದಾರೆ ಅಂತ ಇಟ್ಟುಕೊಳ್ಳಿ. ಅವರು ಹುಟ್ಟಿದಾಗ ಆ ಊರು ಬ್ರಿಟಿಷ್ ಇಂಡಿಯಾದ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. 1950ರಲ್ಲಿ ಅದು ಮುಂಬಯಿ ರಾಜ್ಯವಾಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. 1973ರ ನವೆಂಬರ್ 1ಕ್ಕೆ ಕರ್ನಾಟಕ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಜಿಲ್ಲೆಯಾಯಿತು. ಇಷ್ಟೆಲ್ಲ ಆಗುವಾಗ ಅಜ್ಜ ಹೊಲಕ್ಕೆ ಹೋಗಿ ಮನೆಗೆ ಬರ್ತಾ ಇದ್ದರು, ಅಷ್ಟೇ.

ನನ್ನ ಅವ್ವನ ತವರು ಹಿರೇವಡ್ಡಟ್ಟಿ. ಅವಳ ಪಾಸ್‌ಪೋರ್ಟಿಗೆ ಕಾಗದಪತ್ರ ಕೂಡಿಸುವ ನೆಪದಲ್ಲಿ ನಾನು ಈ ಭಾಗದ ಹಳೆಯ ದಾಖಲೆಗಳ ಚರಿತ್ರೆಗೆ ಕೈಹಾಕಿದೆ. ಪಾಸ್‌ಪೋರ್ಟ್ ಬಂತು, ಅದು ದೊಡ್ಡ ಕಥೆಯಲ್ಲ. ಆದರೆ ಹುಡುಕುವಾಗ ತಿಳಿದದ್ದು ನಮ್ಮ ತಲೆಮಾರಿನವರಿಗೆ ಸಂಬಂಧಪಟ್ಟ ವಿಷಯ. ಅದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ಭೂಗೋಳ. ಸ್ವಾತಂತ್ರ್ಯಕ್ಕೆ ಮುಂಚಿನ ನಕ್ಷೆಯಲ್ಲಿ ಮುಂಡರಗಿ ಸೀಮೆ ಇದ್ದದ್ದು ಒಂದು ವಿಚಿತ್ರ ಮೂಲೆಯಲ್ಲಿ. ಮುಂಡರಗಿ ಬ್ರಿಟಿಷರದು. ಮೂಡಲಿಗೆ ಹೋದರೆ ಕೊಪ್ಪಳ, ಅಳವಂಡಿ. ಅದು ಹೈದರಾಬಾದ್ ನಿಜಾಮನ ರಾಜ್ಯ. ಪಡುವಲಿಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ. ತೆಂಕಲಿಗೆ ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಅದು ಮದ್ರಾಸ್ ಪ್ರಾಂತ್ಯ. ಇವತ್ತು ಬಸ್ಸಿನಲ್ಲಿ ಒಂದೆರಡು ತಾಸಿನೊಳಗೆ ಮುಟ್ಟುವ ಊರುಗಳಿವು. ಜನ ಆಗಲೂ ಈ ಗೆರೆಗಳನ್ನು ದಾಟಿ ಹೆಣ್ಣು ಕೊಡ್ತಿದ್ದರು, ತರ್ತಿದ್ದರು, ಸಂತೆ ಮಾಡ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಅತ್ತೆ ನಿಜಾಮನ ಪ್ರಜೆ, ಸೊಸೆ ಸಾಂಗಲಿ ರಾಜರ ಪ್ರಜೆ ಆಗಿರುವುದು ಇಲ್ಲಿ ವಿಶೇಷವೇನೂ ಆಗಿರಲಿಲ್ಲ.

ನಮ್ಮ ಅಜ್ಜಿಯ ತವರು ಅಳವಂಡಿ ಕಡೆಯದು. ಗಡಿ ಅನ್ನೋದು ಅವಳಿಗೆ ಕರೋಡಗಿರಿ ನಾಕೆ, ಅಂದರೆ ನಿಜಾಮನ ಸುಂಕದ ಕಟ್ಟೆ. ಆಚೆ ಕಡೆ ರೊಕ್ಕವೂ ಬೇರೆ, ನಿಜಾಮನ ಹಾಲಿ ಸಿಕ್ಕಾ. 1947ರಲ್ಲಿ ಭಾರತ ಸ್ವತಂತ್ರವಾದರೂ ಹೈದರಾಬಾದ್ ಸೇರಲಿಲ್ಲ. ರಜಾಕಾರರ ಕಾಟಕ್ಕೆ ಜನ ಗಡಿ ದಾಟಿ ಈಚೆ ಬಂದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಹೋರಾಟದ ಶಿಬಿರ ಕಟ್ಟಿದ್ದು ಮುಂಡರಗಿಯಲ್ಲಿ. ಕಾರಣ ಸರಳ: ಮುಂಡರಗಿ ಭಾರತದಲ್ಲಿತ್ತು, ಅಳವಂಡಿ ಇನ್ನೂ ಇರಲಿಲ್ಲ. ಸಾಂಗಲಿ, ಮೀರಜ ಸಂಸ್ಥಾನಗಳು 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಅದೇ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದೂ ಸೇರಿತು.

ಪಾಸ್‌ಪೋರ್ಟಿನ ಭಾಷೆಯಲ್ಲಿ ಹೇಳಬೇಕೆಂದರೆ ಈ ಗೆರೆಗಳಿಗೆ ಅರ್ಥ ಇತ್ತು. 1930ರಲ್ಲಿ ಹಿರೇವಡ್ಡಟ್ಟಿಯಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಬ್ರಿಟಿಷ್ ಪ್ರಜೆ. ಅದೇ ವರ್ಷ ಶಿರಹಟ್ಟಿಯಲ್ಲೋ ಅಳವಂಡಿಯಲ್ಲೋ ಹುಟ್ಟಿದವರು ಬ್ರಿಟಿಷ್ ಪ್ರಜೆ ಅಲ್ಲ, ಬ್ರಿಟಿಷರ ರಕ್ಷಣೆಯಲ್ಲಿರುವ ವ್ಯಕ್ತಿ. ಸಮುದ್ರ ದಾಟುವವರ ಪಾಸ್‌ಪೋರ್ಟಿನಲ್ಲಿ ಈ ವ್ಯತ್ಯಾಸ ಬರೆದಿರುತ್ತಿತ್ತು. ನಮ್ಮ ಸಂವಿಧಾನದ 5ನೇ ವಿಧಿ ಇದನ್ನು ಒಂದೇ ಏಟಿಗೆ ಅಳಿಸಿತು. ಭಾರತದಲ್ಲಿ ನೆಲೆಸಿದ್ದು, ಭಾರತದ ನೆಲದಲ್ಲಿ ಹುಟ್ಟಿದ್ದರೆ, ಅಥವಾ ತಂದೆತಾಯಿಯಲ್ಲಿ ಒಬ್ಬರು ಹುಟ್ಟಿದ್ದರೆ, ಅಥವಾ ಐದು ವರ್ಷ ಇಲ್ಲೇ ವಾಸವಿದ್ದರೆ ನೀವು ಪ್ರಜೆ. ರಾಜ ಯಾರು ಅಂತ ಕೇಳಲಿಲ್ಲ.

ಪೌರತ್ವ ಹೀಗೆ ಒಂದಾಯಿತು, ಕಾಗದ ಒಂದಾಗಲಿಲ್ಲ. ನಿಜಾಮನ ಕಡೆಯ ಹಳೆಯ ದಾಖಲೆ ಉರ್ದುವಿನಲ್ಲಿ, ವರ್ಷ ಫಸಲಿ ಲೆಕ್ಕದಲ್ಲಿ. ಫಸಲಿ 1350 ಅಂದರೆ ನಮ್ಮ 1940-41. ಈ ಕಡೆಯ ಹಳೆಯ ದಫ್ತರಗಳಲ್ಲಿ ಮರಾಠಿ, ಮೋಡಿ ಲಿಪಿ. ನದಿಯಾಚೆ ಮದ್ರಾಸಿನ 1899ರ ಜನನ ಮರಣ ಕಾಯ್ದೆ. ಇವತ್ತಿನ ಅರ್ಜಿಯಲ್ಲಿ ದೇಶವಿಭಜನೆಗೆ ಮಾತ್ರ ಒಂದು ಜಾಗ ಇದೆ: 1947ರ ಆಗಸ್ಟ್ 15ಕ್ಕೆ ಮೊದಲು ಈಗಿನ ಪಾಕಿಸ್ತಾನದಲ್ಲೋ ಬಾಂಗ್ಲಾದೇಶದಲ್ಲೋ ಹುಟ್ಟಿದವರು ದೇಶದ ಹೆಸರಾಗಿ ‘ಅವಿಭಜಿತ ಭಾರತ’ ಆರಿಸಬಹುದು. ಮಿಕ್ಕ ಗೆರೆಗಳು ಎಂದೂ ಇರಲೇ ಇಲ್ಲವೇನೋ ಅನ್ನುವಂತೆ ಅರ್ಜಿ ನಡೆದುಕೊಳ್ಳುತ್ತೆ.

ಇನ್ನು ನನಗೆ ಮುಖ್ಯ ಅನ್ನಿಸಿದ ವಿಷಯ. ಸರ್ಕಾರ ಹೊಲವನ್ನು ಬರೆದುಕೊಂಡಷ್ಟು ಚೆನ್ನಾಗಿ ಮನುಷ್ಯರನ್ನು ಬರೆದುಕೊಂಡಿಲ್ಲ.

ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ಜಾರ್ಜ್ ವಿಂಗೇಟ್‌ನ ಉಸ್ತುವಾರಿಯಲ್ಲಿ ಹೊಲಗಳ ಸರ್ವೆ ನಡೆಯಿತು. ಪ್ರತಿ ಹೊಲಕ್ಕೂ ನಂಬರು, ಅಳತೆ, ಕಂದಾಯ. 1903ರಲ್ಲಿ ಮುಂಬಯಿ ಸರ್ಕಾರ ಹಕ್ಕುಪಟ್ಟಿಯ ಕಾಯ್ದೆ ತಂದಿತು. ಊರಿನ ಲೆಕ್ಕಕ್ಕೆ ನಂಬರು ಹಾಕಿದ ನಮೂನೆಗಳಿದ್ದವು. ಏಳನೇ ನಮೂನೆ ಹಕ್ಕಿನದು, ಹನ್ನೆರಡನೆಯದು ಬೆಳೆಯದು. ಎರಡೂ ಸೇರಿ ಮಹಾರಾಷ್ಟ್ರದಲ್ಲಿ ಇವತ್ತಿಗೂ ಸಾತ್-ಬಾರಾ. ನಮ್ಮ ಕಡೆ 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ಅದು ಪಹಣಿ ಆದರೂ ಜನರ ಬಾಯಲ್ಲಿ ಇನ್ನೂ ‘ಉತಾರ’. ಇದೇ ಸರಣಿಯಲ್ಲಿ ಹದಿನಾಲ್ಕನೇ ನಮೂನೆ ಅಂತ ಒಂದಿತ್ತು. ಅದೇ ಜನನ ಮರಣದ ಪುಸ್ತಕ. ಹೊಲ ಏಳನೆಯದು, ಮನುಷ್ಯ ಹದಿನಾಲ್ಕನೆಯವನು.

ಇದು ಬ್ರಿಟಿಷರೇ ಶುರುಮಾಡಿದ ಅಭ್ಯಾಸವೂ ಅಲ್ಲ. ಇದೇ ತಾಲೂಕಿನ ಡಂಬಳದಲ್ಲಿ 1095ರ ಶಾಸನ ಇದೆ, ಬೌದ್ಧ ದೇವತೆ ತಾರಾಭಗವತಿಯ ವಿಹಾರಕ್ಕೆ ಕೊಟ್ಟ ದತ್ತಿಯದು. ದಾನ, ಭೂಮಿ, ಕೊಟ್ಟವರು: ಇವು ಕಲ್ಲಿನ ಮೇಲೆ ಬರುತ್ತವೆ. ಯಾರ ಮಗಳು ಯಾವಾಗ ಹುಟ್ಟಿದಳು ಅನ್ನೋದನ್ನು ಕಲ್ಲಿಗೆ ಕೆತ್ತಿಸುವವರು ಯಾರು?

ಅವ್ವ ಹುಟ್ಟಿದ್ದು ಏಕೀಕರಣಕ್ಕೆ ಸ್ವಲ್ಪ ಮುಂಚೆ. ದಿನ ಕೇಳಿದರೆ ಅಜ್ಜಿ ಹೇಳ್ತಿದ್ದದ್ದು, “ಕಾರಹುಣ್ಣಿಮಿ ಆಗಿ ಮೂರನೇ ದಿನ, ಅವತ್ತ ಮಳಿ ಹೊಡದಿತ್ತು ನೋಡ.” ಕುಲಕರ್ಣಿ ವತನ ರದ್ದಾಗಿ ತಲಾಟಿ ಬಂದಿದ್ದ ಕಾಲ ಅದು. ಆ ವರ್ಷಗಳ ಜನನ ಪುಸ್ತಕ ಒಂದು ಕಚೇರಿಯ ದಫ್ತರ ಕೋಣೆಯಲ್ಲಿ ಸಿಕ್ಕಿತು. ಹುಡುಕುತ್ತಿದ್ದ ಸಾಲೂ ಸಿಕ್ಕಿತು ಅನ್ನಿ. ತಂದೆಯ ಹೆಸರು ಇದೆ. ಜಾತಿ ಇದೆ. ಮಗು: ಹೆಣ್ಣು. ಹೆಸರಿನ ಖಾನೆ ಖಾಲಿ. ಹೆಸರಿಡುವುದಕ್ಕೆ ಮೊದಲೇ ಬರೆಸಿಬಿಡ್ತಿದ್ದರು, ಆಮೇಲೆ ಯಾರೂ ಹೋಗಿ ಸೇರಿಸ್ತಿರಲಿಲ್ಲ. ಅಜ್ಜನ ಹೆಸರಿನವರೇ ಇನ್ನೊಬ್ಬರು ಅದೇ ಓಣಿಯಲ್ಲಿದ್ದರು. ಅವರಿಗೂ ಅದೇ ವರ್ಷ ಒಂದು ‘ಹೆಣ್ಣು’. ಎರಡು ಸಾಲಿನಲ್ಲಿ ನಮ್ಮ ಅವ್ವ ಯಾವುದು ಅಂತ ಹೇಳಲು ಕಾಗದದಲ್ಲಿ ದಾರಿಯೇ ಇಲ್ಲ.

ಶಾಲೆಗೆ ಹೋಗಿದ್ದರೆ ಜನರಲ್ ರಜಿಸ್ಟರಿನಲ್ಲಿ ಹೆಸರು ಸಿಗಬೇಕಿತ್ತು. ಹೋಗಿಲ್ಲ. ಅವ್ವನ ಹೆಸರು ಪೂರ್ತಿಯಾಗಿ, ಸರಿಯಾಗಿ ಬರೆದ ಮೊದಲ ಸರ್ಕಾರಿ ಕಾಗದ ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಅಜ್ಜ ತೀರಿಕೊಂಡ ಮೇಲೆ ಆದ ವಾರ್ಸಾ ಕಾಗದದಲ್ಲಿ. ಅಣ್ಣತಮ್ಮಂದಿರ ಹೆಸರಿಗೆ ಹೊಲ ಮಾಡುವಾಗ, ‘ಹೆಣ್ಣುಮಕ್ಕಳು ತಮ್ಮ ಹಕ್ಕು ಬಿಟ್ಟಿರುತ್ತಾರೆ’ ಅನ್ನುವ ಹೇಳಿಕೆಯ ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕು ಕೊಟ್ಟಿತ್ತು. ಆ ಹಕ್ಕು ಬಿಡಿಸಿಕೊಳ್ಳಬೇಕಾಗಿ ಬಂದದ್ದರಿಂದಲೇ ಹೆಸರು ಬರೆಸುವ ಪ್ರಸಂಗ ಬಂತು. ಹೊಲ ಕೊಟ್ಟು ಹೆಸರು ಪಡೆದಳು ನಮ್ಮವ್ವ. ಇದು ಅವಳೊಬ್ಬಳ ಕಥೆಯಲ್ಲ. ಆ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳ ಹೆಸರು ಹುಡುಕಬೇಕೆಂದರೆ ಇಂಥ ಕಾಗದಗಳಲ್ಲೇ ಹುಡುಕಬೇಕು.

ದೇಶದ ಮಟ್ಟದಲ್ಲೂ ಇದೇ ಆಗಿದೆ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಲಕ್ಷಾಂತರ ಹೆಂಗಸರು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸ್ವಂತ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಆ ಪಟ್ಟಿಯಿಂದ ಹೊರಗುಳಿದರು. ಮುಂದಿನ ಸಲ ಹೆಸರು ಹೇಳಲಿ ಅನ್ನುವುದು ಅವರ ಲೆಕ್ಕ.

ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದು ಕಾಯ್ದೆ ಬಂದದ್ದು 1969ರಲ್ಲಿ. ಜಾರಿಯಾದ ಮೇಲೂ ಹಳ್ಳಿಗಳಲ್ಲಿ ಮಗುವಿನ ಹುಟ್ಟುಹಬ್ಬ ನಿರ್ಧಾರ ಮಾಡ್ತಿದ್ದದ್ದು ಶಾಲೆ ಮಾಸ್ತರು. ಜೂನ್‌ನಲ್ಲಿ ಶಾಲೆ ಶುರು, ಒಂದನೇ ಇಯತ್ತೆಗೆ ವಯಸ್ಸು ಕೂಡಬೇಕು, ಬರೀರಿ ಜೂನ್ 1. ನಿಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಜೂನ್ 1ಕ್ಕೆ ಎಷ್ಟು ಕೇಕಿನ ಚಿತ್ರ ಬೀಳ್ತವೆ ನೋಡಿ, ಅವರಲ್ಲಿ ಅರ್ಧ ಮಂದಿಯ ಮಾಸ್ತರಿಗೂ ಒಂದು ತುಂಡು ಸಲ್ಲಬೇಕು. ಮುಂದೆ ಆಧಾರ್ ಬಂದಾಗ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಜನವರಿ 1 ಬಂತು. ಅವ್ವನದೂ ಅದೇ. ಕಾರಹುಣ್ಣಿಮೆ ಜನವರಿಗೆ ಹೋಯಿತು.

ಪಾಸ್‌ಪೋರ್ಟಿನ ನಿಯಮಗಳೂ ಈ ಅವ್ಯವಸ್ಥೆಯ ಹಿಂದೆ ಹಿಂದೆ ನಡೆದಿವೆ. ಮೊದಲು ಪಾಸ್‌ಪೋರ್ಟ್ ಅನ್ನುವುದು ಸರ್ಕಾರದ ಕೃಪೆ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಮನಸ್ಸಿಗೆ ಬಂದಂತೆ ನಿರಾಕರಿಸುವ ಹಾಗಿಲ್ಲ ಅಂದಿತು. ಅದೇ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ನಂತರ 1989ರ ಜನವರಿ 26ರಿಂದೀಚೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕು ಅಂತಾಯಿತು. 2016ರ ಡಿಸೆಂಬರ್‌ನಲ್ಲಿ ಅದನ್ನು ಸಡಿಲಿಸಿ ಶಾಲೆಯ ಟಿಸಿ, ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿ ಇವೂ ನಡೆಯುತ್ತವೆ ಅಂದರು. ಈಗ 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದ ಮಕ್ಕಳಿಗೆ ಮತ್ತೆ ಜನನ ಪ್ರಮಾಣಪತ್ರ ಮಾತ್ರ. ಆ ಮಕ್ಕಳ ಮಟ್ಟಿಗೆ ಇದು ಸರಿಯೇ. ಅವರು ಆಸ್ಪತ್ರೆಯಲ್ಲಿ ಹುಟ್ಟುತ್ತಾರೆ, ಕಂಪ್ಯೂಟರಿಗೆ ಸೇರುತ್ತಾರೆ.

ನಡುವೆ ಸಿಕ್ಕಿಕೊಂಡವರು ನಾವು, 1987ರಿಂದೀಚಿನವರು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿದ್ದಕ್ಕೇ ಪ್ರಜೆಗಳು, ಕೆಲವೇ ವಿನಾಯಿತಿ ಬಿಟ್ಟರೆ. 1987ರ ಜುಲೈ 1ರ ನಂತರ ಹುಟ್ಟಿದವರಿಗೆ ಅಷ್ಟು ಸಾಲದು, ಹುಟ್ಟಿದಾಗ ತಂದೆ ಅಥವಾ ತಾಯಿ ಭಾರತದ ಪ್ರಜೆ ಆಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ನಿಯಮ ಇನ್ನೂ ಬಿಗಿ: ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಐಟಿ ಕಂಪನಿಯ ಐಡಿ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎಲ್ಲ ಇರುವ ನನ್ನ ಪೌರತ್ವ ಕಾನೂನಿನ ಲೆಕ್ಕದಲ್ಲಿ ನಿಂತಿರುವುದು ಅಪ್ಪ ಅವ್ವನ ಹುಟ್ಟಿನ ಮೇಲೆ. ಅವ್ವನ ಕಡೆ ಅದಕ್ಕಿರುವ ಸಾಕ್ಷಿ ಹೆಸರಿಲ್ಲದ ಒಂದು ಸಾಲು. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯೇ ಹೇಳುತ್ತೆ.

ಪಾಸ್‌ಪೋರ್ಟ್ ಕೌಂಟರಿನಲ್ಲಿ ಇದನ್ನೆಲ್ಲ ಸಾಮಾನ್ಯವಾಗಿ ಬಿಡಿಸಿ ಕೇಳುವುದಿಲ್ಲ. ಕೇಳಿದರೆ ಏನಾಗುತ್ತೆ ಅನ್ನೋದನ್ನು ಅಸ್ಸಾಂ ತೋರಿಸಿದೆ. ಅಲ್ಲಿ 1971ರ ಮಾರ್ಚ್ 24ಕ್ಕೆ ಮುಂಚಿನ ಕಾಗದ ತೋರಿಸಿ, ಆ ಕಾಗದದ ಮನುಷ್ಯ ತನ್ನ ತಂದೆಯೋ ಅಜ್ಜನೋ ಅಂತ ಜೋಡಿಸಬೇಕಿತ್ತು. 2019ರ ಆಗಸ್ಟ್ 31ರ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಇರಲಿಲ್ಲ. ತವರಿನ ಜೊತೆ ನಂಟು ತೋರಿಸುವ ಕಾಗದವೇ ಇಲ್ಲದ ಮದುವೆಯಾದ ಹೆಂಗಸರಿಗೆ ಅಲ್ಲಿ ಬಹಳ ಕಷ್ಟವಾಯಿತು.

ನಮ್ಮ ಕಡೆ ಆ ಜೋಡಣೆ ಮಾಡಿ ನೋಡಿ. ಹುಟ್ಟಿದಾಗಿನ ಹೆಸರಿನ ಕೊನೆಯಲ್ಲಿ ‘ಅವ್ವ’. ಮತದಾರರ ಪಟ್ಟಿಯಲ್ಲಿ ಯಾರೋ ಅದನ್ನು ‘ಅಮ್ಮ’ ಮಾಡಿದ್ದಾರೆ. ಮದುವೆಗೆ ಮುಂಚೆ ತವರಿನ ಅಡ್ಡಹೆಸರು, ಆಮೇಲೆ ಗಂಡನ ಮನೆಯದು. ಹಳೆ ಕಾಗದದಲ್ಲಿ ‘ಕೋಂ’ ಹಾಕಿ ಗಂಡನ ಹೆಸರು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ವ’ಕ್ಕೆ ವಿ ಹಾಕುವವರು ಕೆಲವರು, ಡಬ್ಲ್ಯೂ ಹಾಕುವವರು ಕೆಲವರು. ಜಿಲ್ಲೆ ಒಂದರಲ್ಲಿ ಧಾರವಾಡ, ಒಂದರಲ್ಲಿ ಗದಗ. ಕಚೇರಿಯ ಕಣ್ಣಿಗೆ ಇವರು ಮೂರ್ನಾಲ್ಕು ಮಂದಿ. ಇದರಲ್ಲಿ ಒಂದು ಅಕ್ಷರವನ್ನೂ ಅವ್ವ ಬರೆದಿಲ್ಲ. ಎಲ್ಲ ಬೇರೆ ಬೇರೆ ಕಾಲದ ಸರ್ಕಾರಗಳ ಕೈಬರಹ.

ಹಾಗಾಗಿ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಹಿರಿಯರ ಹುಟ್ಟಿನ ಸಾಲು, ಶಾಲೆಯ ದಾಖಲೆ, ವಾರ್ಸಾ ಕಾಗದ ಏನು ಸಿಗುತ್ತೋ ಅದರ ದೃಢೀಕೃತ ನಕಲು ತೆಗೆಸಿಟ್ಟುಕೊಳ್ಳಿ. ಹಳೆಯ ಪುಸ್ತಕಗಳು ಗೆದ್ದಲಿಗೆ, ಮಳೆಗೆ ಕಾಯುವುದಿಲ್ಲ. ಹುಟ್ಟು ನೋಂದಣಿಯೇ ಆಗಿಲ್ಲದಿದ್ದರೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, 2023ರ ತಿದ್ದುಪಡಿಯ ನಂತರ ಆ ಅಧಿಕಾರ ಕಂದಾಯ ಇಲಾಖೆಯ ದಂಡಾಧಿಕಾರಿಗಳಿಗೆ ಬಂದಿದೆ. ಎರಡನೆಯದು, ಅವರು ಬಾಯಲ್ಲಿ ಹೇಳುವುದನ್ನು ಬರೆದುಕೊಳ್ಳಿ: ಯಾವ ಹುಣ್ಣಿಮೆ, ಯಾವ ಓಣಿ, ಸೂಲಗಿತ್ತಿ ಯಾರು, ಆ ಕಾಲಕ್ಕೆ ಊರು ಯಾರ ಕೈಯಲ್ಲಿತ್ತು. ಕಚೇರಿ ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಹೆಸರಿಲ್ಲದ ಆ ಎರಡು ಸಾಲಿನಲ್ಲಿ ಅವ್ವ ಯಾವುದು ಅಂತ ನನಗೆ ಕೊನೆಗೆ ಹೇಳಿದ್ದು ಓಣಿಯ ಒಬ್ಬ ಮುದುಕಿ. “ಆಕಿ ಬ್ಯಾಸಿಗ್ಯಾಗ ಹುಟ್ಟಿದಾಕಿ, ನಿಮ್ಮವ್ವ ಮಳಿಗಾಲದಾಗ” ಅಂದಳು. ಪುಸ್ತಕದಲ್ಲಿ ಒಂದು ಸಾಲು ಏಪ್ರಿಲ್‌ನದು, ಇನ್ನೊಂದು ಜೂನ್‌ನದು.