ಹಳ್ಳಿಗೆ ಹೋಗಿ ಎಣಿಸಿದಾಗ

ಏಡ್ಸ್ ಎಂದರೆ ದೊಡ್ಡ ನಗರಗಳ, ಹೆದ್ದಾರಿಗಳ ರೋಗ ಎಂಬ ನಂಬಿಕೆ ಒಂದು ಕಾಲಕ್ಕೆ ಬಲವಾಗಿತ್ತು. ಅದನ್ನು ಅಲುಗಿಸಿದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು.

ಬಾದಾಮಿಯ ಗುಹೆಗಳಿಗೂ ಇಳಕಲ್ ಸೀರೆಗೂ ಹೆಸರಾದ ಈ ಜಿಲ್ಲೆ 1997ರಲ್ಲಿ ವಿಜಾಪುರದಿಂದ ಬೇರೆಯಾಯಿತು. ಆಗ ಎಚ್‌ಐವಿ ಸೋಂಕಿನ ಅಂದಾಜಿಗೆ ಇದ್ದ ಮುಖ್ಯ ಆಧಾರವೆಂದರೆ ಆಯ್ದ ಆಸ್ಪತ್ರೆಗಳಿಗೆ ಬರುವ ಗರ್ಭಿಣಿಯರ ರಕ್ತಪರೀಕ್ಷೆ. ಆಸ್ಪತ್ರೆಯ ಮೆಟ್ಟಿಲು ಹತ್ತದವರು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

2003ರಲ್ಲಿ ಭಾರತ-ಕೆನಡಾ ಜಂಟಿ ಯೋಜನೆಯ ಸಂಶೋಧಕರು ಜಿಲ್ಲೆಯ ಅಂದಿನ ಆರು ತಾಲ್ಲೂಕುಗಳ ಪೈಕಿ ಮೂರರಲ್ಲಿ ಜನರಿರುವಲ್ಲಿಗೇ ಹೋಗಿ ಸಮೀಕ್ಷೆ ನಡೆಸಿದರು. ಪರೀಕ್ಷೆಗೊಳಗಾದ ವಯಸ್ಕರಲ್ಲಿ ಶೇಕಡಾ 2.9ರಷ್ಟು ಮಂದಿಗೆ ಸೋಂಕಿತ್ತು. ಪೇಟೆಗಿಂತ ಹಳ್ಳಿಗಳಲ್ಲೇ ಪ್ರಮಾಣ ಹೆಚ್ಚು. ಒಂದು ತಾಲ್ಲೂಕಿನಲ್ಲಿ ಶೇ. 1.2, ಇನ್ನೊಂದರಲ್ಲಿ ಶೇ. 4.9! ಇಡೀ ಜಿಲ್ಲೆಗೆ ಒಂದೇ ಅಳತೆ ಸಲ್ಲದೆಂಬುದು ಸ್ಪಷ್ಟವಾಯಿತು.

ದೇಶದ ನೀತಿಯೂ ಇದೇ ದಿಕ್ಕಿಗೆ ಹೊರಳಿತು. 2007ರಲ್ಲಿ ಆರಂಭವಾದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತ, ಜಿಲ್ಲೆಗಳನ್ನು ಸೋಂಕಿನ ತೀವ್ರತೆಗೆ ತಕ್ಕಂತೆ ವಿಂಗಡಿಸಿತು. ಬಾಗಲಕೋಟೆ ‘ಎ’ ಗುಂಪಿಗೆ ಸೇರಿತು. ಅದೇ ವರ್ಷ, ಮನೆಮನೆ ಸಮೀಕ್ಷೆಯ ನೆರವಿನಿಂದ ದೇಶದ ಸೋಂಕಿತರ ಅಂದಾಜು 52 ಲಕ್ಷದಿಂದ ಸುಮಾರು 25 ಲಕ್ಷಕ್ಕೆ ಇಳಿಯಿತು.

ಎಣಿಕೆ ಒಂದೆಡೆ ಹಳ್ಳಿಯ ಮರೆಯಾದ ಹೊರೆಯನ್ನು ತೋರಿಸಿತು, ಇನ್ನೊಂದೆಡೆ ಉತ್ಪ್ರೇಕ್ಷೆಯನ್ನು ತಿದ್ದಿತು. ಔಷಧಿ, ಸಿಬ್ಬಂದಿ, ಹಣ ಎಲ್ಲಿಗೆ ಮೊದಲು ಹೋಗಬೇಕೆಂಬುದು ತಿಳಿಯುವುದು ಹೀಗೆಯೇ.